ಆಯಿಲ್ ಸೀಲನ್ನು ದೂರುವ ಮೊದಲು ಬುಷ್ ನೋಡಿ

ನಮ್ಮ ತಂದೆಯವರು ಕೊರಟಗೆರೆಯ ತೋಟಕ್ಕೆ ಓಡಾಡಲು ಇಟ್ಟುಕೊಂಡಿದ್ದ 1968ರ ಮಹೀಂದ್ರ ಸಿಜೆ-3ಬಿ ಜೀಪು ಈಗ ತುಮಕೂರಿನ ನಮ್ಮ ಮನೆಯಂಗಳದಲ್ಲಿದೆ. ಅದರ ಮುಂದಿನ ಬಲಚಕ್ರದ ಹತ್ತಿರ, ಚಪ್ಪಡಿಯ ಮೇಲೆ ಅಂಗೈಯಗಲದ ಎಣ್ಣೆಯ ಕಲೆಯೊಂದು ವರ್ಷಗಟ್ಟಲೆ ಮಾಸದೆ ಉಳಿದಿತ್ತು. ಹಳೆಯ ಗಾಡಿ ಎಂದ ಮೇಲೆ ಸೋರದೆ ಇರುತ್ತದೆಯೇ ಎಂದು ನೋಡಿದವರೆಲ್ಲ ಸಮಾಧಾನ ಹೇಳುತ್ತಿದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ನಿನಿಂದ ನಾಲ್ಕು ಹನಿ ಬಿದ್ದರೆ ಅಳತೆಕಡ್ಡಿ ನೋಡಿ ಎಣ್ಣೆ ಸುರಿದುಕೊಳ್ಳಬಹುದು. ಆದರೆ ನಮ್ಮ ಜೀಪಿನಲ್ಲಿ ಸೋರುತ್ತಿದ್ದದ್ದು ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ದಾಟಿಸುವ ಪೆಟ್ಟಿಗೆ, ಅಂದರೆ ಸ್ಟೀರಿಂಗ್ ಬಾಕ್ಸ್. ಕಾಲು ಲೀಟರ್ ಎಣ್ಣೆಯನ್ನೂ ಹಿಡಿಯದ ಈ ಸ್ಟೀರಿಂಗ್ ಬಾಕ್ಸ್‌ಗೆ ಅಳತೆಕಡ್ಡಿಯೂ ಇಲ್ಲ, ಎಚ್ಚರಿಸುವ ದೀಪವೂ ಇಲ್ಲ. ಅದು ಒಣಗಿ ಸವೆದಿರುವುದು ಗೊತ್ತಾಗುವುದು ದೇವರಾಯನದುರ್ಗದ ಇಳಿಜಾರಿನ ತಿರುವಿನಲ್ಲಿ ಸ್ಟೀರಿಂಗ್ ಹೇಳಿದ ಮಾತು ಕೇಳದೆ ಹೋದಾಗ.

ಈ ಜೀಪುಗಳ ಸ್ಟೀರಿಂಗ್ ಬಾಕ್ಸ್ ಸರಳವಾದದ್ದು. ಸ್ಟೀರಿಂಗ್ ಕೊಳವೆಯ ಕೆಳತುದಿಯಲ್ಲಿ ಸುರುಳಿಯಾಕಾರದ ತೋಡು ಕೊರೆದ ಉಕ್ಕಿನ ಉರುಳೆ ಇರುತ್ತದೆ. ಅಡ್ಡ ಶಾಫ್ಟಿನ ಲಿವರ್‌ಗೆ ಕೂರಿಸಿದ ಎರಡು ಮೊಳೆಗಳು ಆ ತೋಡಿನೊಳಗೆ ಜಾರುತ್ತವೆ, ಶಾಫ್ಟ್ ತಿರುಗುತ್ತದೆ, ಅದರ ಹೊರತುದಿಯ ಡ್ರಾಪ್ ಆರ್ಮ್ ಚಕ್ರಗಳನ್ನು ಎಳೆಯುತ್ತದೆ. ಶಾಫ್ಟ್ ನಿಂತಿರುವುದು ಅದನ್ನು ಸುತ್ತುವರಿದ ಕಂಚಿನ ಬಳೆಗಳ, ಅಂದರೆ ಬುಷ್‌ಗಳ ಮೇಲೆ; ಡ್ರಾಪ್ ಆರ್ಮ್‌ನ ಹಿಂದೆ, ಶಾಫ್ಟ್ ಹೊರಬರುವ ಕಡೆ ಎಣ್ಣೆಯನ್ನು ಒಳಗೇ ತಡೆದಿಡುವ ಆಯಿಲ್ ಸೀಲ್ ಇದೆ.

ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಸೀಲ್ ಬದಲಿಸಿದರು. ಮೂರು ವಾರಕ್ಕೆ ಕಲೆ ಮರಳಿತು. ಎರಡನೆಯ ಸಲ ಹೋದಾಗ ಬಾಕ್ಸ್ ತುಂಬ ಗ್ರೀಸ್ ತುರುಕಿ, ಇನ್ನು ಸೋರುವುದಿಲ್ಲ ಎಂದರು. ಸೋರಲಿಲ್ಲ, ನಿಜ. ಆದರೆ ಗಟ್ಟಿ ಗ್ರೀಸ್ ಎಣ್ಣೆಯಂತೆ ಮತ್ತೆ ಹರಿದು ಬಂದು ತೋಡನ್ನು ತುಂಬುವುದಿಲ್ಲ. ಮೊಳೆಗಳು ಒಮ್ಮೆ ಅದನ್ನು ಪಕ್ಕಕ್ಕೆ ದೂಡಿದರೆ ಅದು ಅಲ್ಲೇ ಗೋಡೆ ಕಟ್ಟಿದಂತೆ ನಿಲ್ಲುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಬಿಡಿಭಾಗ ಸಿಗುವ ತನಕ 00 ದರ್ಜೆಯ ತೆಳು ಗ್ರೀಸ್ ಹಾಕಿ ಓಡಿಸುವುದು ಬೇರೆ ಮಾತು. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸನ್ನೇ ಇಲ್ಲಿ ತುಂಬುವುದು ಗಾಡಿಗೆ ಮಾಡುವ ಅನ್ಯಾಯ.

ಕೊನೆಗೆ ನೆರವಾದವರು ಇಲ್ಲಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು. ಅವರು ಮೊದಲು ಬಾಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೇಲೆಲ್ಲ ಮುಖದ ಪೌಡರ್ ಉದುರಿಸಿ, ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸಲು ಹೇಳಿದರು. ಬಿಳಿಯ ಮೇಲೆ ಎರಡು ಕಡೆ ಕಪ್ಪು ಗೆರೆ ಮೂಡಿತು: ಒಂದು ಸೀಲ್ ಬಳಿ, ಇನ್ನೊಂದು ಪಕ್ಕದ ಮುಚ್ಚಳದ ಬೋಲ್ಟಿನ ತಿರುಪಿನ ಸುರುಳಿಯಲ್ಲಿ. ಆಮೇಲೆ ಅವರು ಡ್ರಾಪ್ ಆರ್ಮ್ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದರು. ಶಾಫ್ಟ್ ಮಿಸುಕುವುದು ಕಣ್ಣಿಗೇ ಕಂಡಿತು. "ಸೀಲ್‌ದೇನೂ ತಪ್ಪಿಲ್ಲ ಕಣಪ್ಪ, ಶಾಫ್ಟೇ ಒಳಗೆ ಕುಣೀತಾ ಐತೆ" ಎಂದರು.

ನಾನು ಹೇಳಬೇಕಾದದ್ದು ಇದೇ. ಸೀಲಿನ ರಬ್ಬರ್ ತುಟಿ ನೆಟ್ಟಗೆ ತಿರುಗುವ ಶಾಫ್ಟನ್ನು ಅಪ್ಪಿ ಹಿಡಿಯಬಲ್ಲದೇ ಹೊರತು ಪಕ್ಕಕ್ಕೆ ಓಲಾಡುವ ಶಾಫ್ಟಿನ ಹಿಂದೆ ಓಡಲಾರದು. ಬುಷ್ ಸವೆದಿರುವಾಗ ಎಷ್ಟು ಸೀಲ್ ಬದಲಿಸಿದರೂ ಹಣ ದಂಡ. ನಮ್ಮ ಶಾಫ್ಟಿನಲ್ಲಿ ಹಳೆಯ ಸೀಲ್ ಉಜ್ಜಿ ಮಾಡಿದ ಗೀರು ಉಗುರಿಗೆ ಸಿಗುವಷ್ಟು ಆಳವಿತ್ತು. ಅಂಥ ಕಡೆ ಹೊಸ ಸೀಲನ್ನು ಗೀರಿನ ಮೇಲೆಯೇ ಕೂರಿಸದೆ ಒಂದಿಷ್ಟು ಒಳಗೆ ಸರಿಸಬೇಕು, ಇಲ್ಲವೇ ಶಾಫ್ಟಿಗೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಬೇಕು.

ಡ್ರಾಪ್ ಆರ್ಮನ್ನು ಸುತ್ತಿಗೆಯಿಂದ ಹೊಡೆದು ಬಿಚ್ಚಲು ಅವರು ಬಿಡಲಿಲ್ಲ. ಶಾಫ್ಟಿಗೂ ಆರ್ಮಿಗೂ ಸೇರಿಸಿ ಗುರುತು ಹಾಕಿ, ಪುಲ್ಲರಿನಿಂದಲೇ ಎಳೆದರು. ಹೊಡೆತ ಬಿದ್ದರೆ ಒಳಗಿನ ಮೊಳೆ ಮತ್ತು ತೋಡಿಗೆ ಏಟಾಗುತ್ತದೆ. ಹೊಸ ಬುಷ್‌ಗಳನ್ನು ಒತ್ತಿ ಕೂರಿಸಿದ ಮೇಲೆ ಎರಡರ ಒಳತೂತನ್ನೂ ಒಂದೇ ರೇಖೆಯಲ್ಲಿ ರೀಮರಿನಿಂದ ಕೆರೆದು ಹದ ಮಾಡಿದರು. ಶಾಫ್ಟ್ ಬೆರಳಿನ ಒತ್ತಡಕ್ಕೆ ಜಾರಬೇಕು, ಆದರೆ ಅಲುಗಬಾರದು. ಆ ಹದ ಬರಲು ಅವರು ಇಡೀ ಮಧ್ಯಾಹ್ನ ಕೂತಿದ್ದರು.

ಜೋಡಿಸುವಾಗಲೂ ಕ್ರಮವಿದೆ. ಮೊದಲು ಮೇಲಿನ ಮುಚ್ಚಳದ ಶಿಮ್‌ಗಳಿಂದ, ಅಂದರೆ ತೆಳು ತಗಡಿನ ಬಿಲ್ಲೆಗಳಿಂದ, ಉರುಳೆಯ ಬೇರಿಂಗಿನ ಸಡಿಲ ತೆಗೆಯಬೇಕು. ಆಮೇಲೆ ಚಕ್ರಗಳಿಗೆ ಹೋಗುವ ರಾಡ್ ಬಿಚ್ಚಿಟ್ಟು, ಸ್ಟೀರಿಂಗನ್ನು ನಟ್ಟನಡುವೆ ನಿಲ್ಲಿಸಿ ಪಕ್ಕದ ಸ್ಕ್ರೂ ಬಿಗಿ ಮಾಡಬೇಕು. ನೆಟ್ಟಗೆ ಓಡುವ ಸ್ಥಾನದಲ್ಲೇ ಮೊಳೆಗಳು ಬಿಗಿಯಾಗಿ ಕೂರುವಂತೆ ತೋಡನ್ನು ಕೊರೆದಿರುತ್ತಾರೆ, ಆದ್ದರಿಂದ ತುದಿಗೆ ತಿರುಗಿಸಿಟ್ಟು ಬಿಗಿ ಮಾಡಿದರೆ ನಡುವೆ ಬಂದಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ. ಎಣ್ಣೆಯ ವಿಷಯದಲ್ಲಿ ನಾನು ಜಿಎಲ್-4 ದರ್ಜೆಯ ಗೇರ್ ಆಯಿಲನ್ನೇ ಆರಿಸಿದೆ, ಏಕೆಂದರೆ ಜಿಎಲ್-5ರ ಕೆಲವು ರಾಸಾಯನಿಕಗಳು ಕಂಚನ್ನು ತಿನ್ನಬಲ್ಲವು. ತುಂಬುವ ರಂಧ್ರದ ಮಟ್ಟಕ್ಕೆ ನಿಲ್ಲಿಸಬೇಕು.

ಕಳೆದ ಭಾನುವಾರ ದೇವರಾಯನದುರ್ಗ ಹತ್ತಿಳಿದು ಬಂದು, ಚಪ್ಪಡಿಯನ್ನು ತೊಳೆದು ಹಳೆಯ ಪತ್ರಿಕೆ ಹಾಸಿ ಗಾಡಿ ನಿಲ್ಲಿಸಿದೆ. ಬೆಳಿಗ್ಗೆ ನೋಡಿದಾಗ ಸೀಲಿನ ಕೆಳಗೆ ಕಾಗದ ಒಣಗಿತ್ತು. ಮುಚ್ಚಳದ ಒಂದು ಬೋಲ್ಟಿನಲ್ಲಿ ಮಾತ್ರ ಇನ್ನೂ ತೇವವಿದೆ. ಅದನ್ನು ಬಿಚ್ಚಿ ತಿರುಪಿನ ಸುರುಳಿಗೆ ಸೀಲಂಟ್ ಹಚ್ಚುವ ಕೆಲಸ ಈ ಭಾನುವಾರಕ್ಕೆ.