ಬಾಡಿಗೆ ಕೊಡಲೋ, ಲೆನ್ಸಿಗೆ ಕೊಡಲೋ?

ಕೈಯಲ್ಲಿ ನಾಲ್ಕು ಕಾಸಿದ್ದರೆ ಕ್ಯಾಮೆರಾದ ಬಾಡಿಗೆ (ಲೆನ್ಸ್ ಬಿಚ್ಚಿದ ಮೇಲೆ ಉಳಿಯುವ ಡಬ್ಬಕ್ಕೆ) ಹಾಕಬೇಕೋ, ಲೆನ್ಸಿಗೆ ಹಾಕಬೇಕೋ ಎಂದು ನಾಡಿನ ಫೋಟೋಗ್ರಾಫರುಗಳು ತಲೆ ಕೆಡಿಸಿಕೊಂಡಿದ್ದಾರೆ. ಪಾಪ, ಅರಣ್ಯ ಇಲಾಖೆ ಇದನ್ನು ಎಂದೋ ತೀರ್ಮಾನಿಸಿ ಬೋರ್ಡು ಬರೆಸಿದ್ದನ್ನು ಅವರು ಓದಿಲ್ಲ. ರಂಗನತಿಟ್ಟಿನ ದೋಣಿಯಿರಲಿ, ನಾಗರಹೊಳೆಯ ಸಫಾರಿಯಿರಲಿ, ಕ್ಯಾಮೆರಾ ಶುಲ್ಕ ಲೆಕ್ಕ ಹಾಕುವುದು ಲೆನ್ಸಿನ ಎಂಎಂ ನೋಡಿ; ಆ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ನಾಲ್ಕು ಲಕ್ಷದ ಕ್ಯಾಮೆರಾಕ್ಕೆ 24-70 ಎಂಎಂ ಲೆನ್ಸ್ ಸಿಕ್ಕಿಸಿಕೊಂಡು ಬಂದವನು ಅಗ್ಗದಲ್ಲಿ ಪಾರು. ಹಳೇ ಡಿಎಸ್‌ಎಲ್‌ಆರ್‌ಗೆ ಸೆಕೆಂಡ್ ಹ್ಯಾಂಡ್ 150-600 ಹಾಕಿಕೊಂಡು ಬಂದ ಮೇಷ್ಟ್ರು ದೊಡ್ಡ ಕುಳ. ಚಿತ್ರದ ಬೆಲೆಯೆಲ್ಲ ಗಾಜಿನಲ್ಲಿದೆ ಎಂಬ ಸತ್ಯ ಯೂಟ್ಯೂಬಿನ ಪಂಡಿತರಿಗಿಂತ ಮೊದಲು ಸುಂಕದವನಿಗೆ ಹೊಳೆಯಿತಲ್ಲ, ಭೇಷ್!

ಸಣ್ಣಪುಟ್ಟ ಸಂಶಯಗಳಿವೆ. ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಿರುವ, ‘ಕ್ರಾಪ್’ ಎನ್ನುವ ಕ್ಯಾಮೆರಾಕ್ಕೆ 300 ಎಂಎಂ ಹಾಕಿದರೆ ನೋಟ 450ರದ್ದು. ಶುಲ್ಕ ಯಾವುದಕ್ಕೆ? 500 ಎಂಎಂ ಲೆನ್ಸಿಗೆ ರಸೀದಿ ಹರಿಸಿ, ಜೀಪು ಹತ್ತಿದ ಮೇಲೆ ಎಂಎಂ ಅನ್ನು 1.4 ಪಟ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ಸೇರಿಸಿದರೆ ಅದು 700 ಆಯಿತು; ಬಾಕಿಯನ್ನು ಹುಲಿಯ ಕೈಗೆ ಕೊಡಬೇಕೆ? ನಿಕಾನ್ ಪಿ1000 ಅಂತೊಂದಿದೆ, ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ. ಅಳತೆ 4.3ರಿಂದ 539, ನೋಟ ಮಾತ್ರ 3000 ಎಂಎಂಗೆ ಸಮ. ಮೂತಿ ಒಳಗೆಳೆದುಕೊಂಡು ಕೂತಾಗ ಆಮೆಯಷ್ಟು ಸಾಧು. ಇದನ್ನೆಲ್ಲ ಕೌಂಟರಿನಲ್ಲಿ ಕೇಳಹೋದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

ಕಾಡು ಬಿಟ್ಟು ಕಲ್ಯಾಣಮಂಟಪಕ್ಕೆ ಬಂದರೂ ಲೆಕ್ಕ ಅದೇ. ಕ್ಯಾಮೆರಾ ಕಿಟ್ಟಿನ ಜತೆ ಬರುವ 18-55 ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಎಫ್5.6 (ಬೆಳಕಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದರ ಬದಲು 50 ಎಂಎಂ ಎಫ್1.8 ಹಾಕಿದರೆ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ಐಎಸ್‌ಒ, ಅಂದರೆ ಏರಿದಷ್ಟೂ ಚಿತ್ರದಲ್ಲಿ ಮರಳು ಚೆಲ್ಲುವ ಬೆಳಕಿನ ಸಂವೇದನೆ, 6400 ಇದ್ದದ್ದು 640ರ ಹತ್ತಿರಕ್ಕೆ ಇಳಿಯುತ್ತದೆ. ಕ್ರಾಪ್ ಬಿಟ್ಟು ದೊಡ್ಡ ಸೆನ್ಸರಿನ ಫುಲ್‌ಫ್ರೇಮಿಗೆ ಹಾರಿದರೆ ದಕ್ಕುವುದು ಒಂದು ಸ್ಟಾಪು, ಅಂದರೆ ಎರಡು ಪಟ್ಟು, ಮೇಲೆ ಚಿಲ್ಲರೆ. ಹಾಗಂತ ಬೀಗರ ಗ್ರೂಪ್ ಫೋಟೋವನ್ನೂ 1.8ರಲ್ಲೇ ತೆಗೆದರೆ ಮುಂದಿನ ಸಾಲಿನ ಅತ್ತೆ ಸ್ಪಷ್ಟ, ಹಿಂದಿನ ಸಾಲಿನ ಮಾವ ಮಂಜುಮಂಜು. ಅಲ್ಲಿ 5.6ಕ್ಕೆ ಬಂದು ಫ್ಲ್ಯಾಶ್ ಹಾಕಲೇಬೇಕು. ಇನ್ನೊಂದು: ನಿಕಾನ್ ಡಿ3500, ಡಿ5600 ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು ಮೋಟರಿಲ್ಲದ 50 ಎಂಎಂ 1.8ಡಿ ಲೆನ್ಸ್ ತಂದವರು ಕೈಯಲ್ಲೇ ತಿರುವುತ್ತ ಕೂರಬೇಕು, ಲೆನ್ಸಿನೊಳಗೇ ಮೋಟರ್ ಇರುವ ಎಎಫ್-ಎಸ್ 1.8ಜಿ ಎಂದೇ ಕೇಳಿ.

ಬಾಡಿಭಕ್ತರು ಕೇಳುವುದಿಲ್ಲ. 24 ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮ್ ನಿಕಾನ್ ತಂದು, ಕಾಸು ಮುಗಿದಿದ್ದಕ್ಕೆ ಕ್ರಾಪ್ ಸೆನ್ಸರಿಗೆಂದು ಮಾಡಿದ ಹಳೇ ಡಿಎಕ್ಸ್ ಲೆನ್ಸನ್ನೇ ಸಿಕ್ಕಿಸುತ್ತಾರೆ. ಆಗ ಕ್ಯಾಮೆರಾ ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿ ಸುಮಾರು 10 ಮೆಗಾಪಿಕ್ಸೆಲ್ ಕೊಡುತ್ತದೆ. ದೊಡ್ಡ ಸೈಟು ಕೊಂಡು ಮೂಲೆಯಲ್ಲಿ ಶೆಡ್ಡು ಹಾಕಿಕೊಂಡ ಹಾಗೆ.

ತಾಲ್ಲೂಕಿನ ಸ್ಟುಡಿಯೋದವನಿಗೆ ಇದೆಲ್ಲ ಬಾಯಿಪಾಠ. ಆದರೂ ಕಂತಿನಲ್ಲಿ ಬಾಡಿಯನ್ನೇ ಬದಲಾಯಿಸುತ್ತಾನೆ. ಮದುವೆ ಮನೆಯವರು ಕೇಳುವುದು ‘ಮಿರರ್‌ಲೆಸ್ ಐತೇನ್ರೀ, ಎಷ್ಟು ಮೆಗಾಪಿಕ್ಸೆಲ್ಲು?’ ಎಂದು. 12ಕ್ಕೆ 36 ಇಂಚಿನ ಆಲ್ಬಮಿನಲ್ಲಿ ಒಂದು ಪುಟ ಅಂದರೆ 12ಕ್ಕೆ 18. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಅಚ್ಚು ಹಾಕಲು 19.5 ಮೆಗಾಪಿಕ್ಸೆಲ್ ಸಾಕು. ಹತ್ತು ವರ್ಷದ ಹಿಂದಿನ 24ರ ಬಾಡಿಯೇ ಅದನ್ನು ಧಾರಾಳವಾಗಿ ಕೊಡುತ್ತದೆ. ಉಳಿದ ಸಾವಿರಾರು ಚಿತ್ರ ಹೋಗುವುದು ವಾಟ್ಸಾಪಿಗೆ. ಮಾಮೂಲಿಯಾಗಿ ಕಳಿಸಿದರೆ ಎರಡು ಮೆಗಾಪಿಕ್ಸೆಲ್ಲೂ ಉಳಿಯುವುದಿಲ್ಲ. ಅಷ್ಟಕ್ಕಾಗಿ ಒಬ್ಬ ಮನುಷ್ಯ ಎರಡು ಸೀಸನ್ನಿನ ದುಡಿಮೆಯನ್ನು ಫೈನಾನ್ಸಿಗೆ ಕಟ್ಟಬೇಕು. ಮದುವೆ ಮನೆಯವರನ್ನು ಬಾಕಿ ಕೇಳಿದರೆ ‘ಆಲ್ಬಂ ಬರಲಿ ನೋಡೋಣ’. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಾಚಿಕೆಗೇಡು.

ಮಿಂಚುಳ್ಳಿ ನೀರಿಗೆ ಧುಮುಕುವಾಗ ಫೋಕಸ್ ತಪ್ಪುತ್ತಿದ್ದರೆ, ಒಂದೇ ಸಮನೆ ಕ್ಲಿಕ್ಕಿಸಿದ ಚಿತ್ರಗಳು ಕಾರ್ಡಿಗಿಳಿಯುವ ಮೊದಲು ತಂಗುವ ಬಫರ್ ತುಂಬಿ ಕ್ಯಾಮೆರಾ ಮುಷ್ಕರ ಹೂಡುತ್ತಿದ್ದರೆ ಹೊಸ ಬಾಡಿ ಕೊಳ್ಳಿ, ತಕರಾರಿಲ್ಲ. ಮಿಕ್ಕವರಿಗೆ ಕನ್ನಡವೇ ದಾರಿ ಹೇಳುತ್ತಿದೆ: ಬಾಡಿಗೆ! ಹತ್ತು ಲಕ್ಷ ದಾಟುವ 600 ಎಂಎಂ ಎಫ್4 ಬೆಂಗಳೂರಿನಲ್ಲಿ ದಿನದ ಲೆಕ್ಕಕ್ಕೆ ಸಿಗುತ್ತದೆ. ಅಂಗಡಿಯಲ್ಲೇ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬೇರೆ ಕೇಳಿ. ಹತ್ತಿರಕ್ಕೂ ದೂರಕ್ಕೂ ಫೋಕಸ್ ಓಡಿಸಿ ನೋಡಿ. ಮುಂಗಾಜಿನ ಗೀರನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಜೀಪಿನ ಕಂಬಿಯ ಮೇಲೆ ಲೆನ್ಸ್ ಕೂರಿಸಲು ಎರಡು ಕೆಜಿ ಅಕ್ಕಿ ತುಂಬಿದ ಬಟ್ಟೆಚೀಲ ಬೇಕು, ಎಂಜಿನ್ ಆಫ್ ಮಾಡಿಸಬೇಕು.

ಸಫಾರಿ ಕೌಂಟರಿನಲ್ಲಿ ಆ 600 ಎಂಎಂಗೆ ಮತ್ತೆ ಕಾಸು ಬಿಚ್ಚಬೇಕು, ಲೆನ್ಸ್ ಯಾರದ್ದೆಂದು ಅಲ್ಲಿ ಕೇಳುವುದಿಲ್ಲ. ಅಕ್ಕಿಚೀಲಕ್ಕೆ ಇನ್ನೂ ದರ ಬರೆಸಿಲ್ಲ.