ಗಣಪತಿ ಮಾಡೋಕೆ ಹೋಗಿ...

2024ರ ಗೌರಿ ಹಬ್ಬಕ್ಕೆ ನಾವೆಲ್ಲ ಕೋಲಾರದ ಹತ್ತಿರದ ದೊಡ್ಡಪ್ಪನ ಮನೆಯಲ್ಲಿ ಸೇರಿದ್ದೆವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಅತಿಥಿ ನೀರಿನ ಟ್ಯಾಂಕರ್. ಆಮೇಲೆ ಬಂದವನು ನನ್ನ ಅಕ್ಕನ ಮಗ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜರ್. ಕಂಪ್ಯೂಟರ್ ಮುಂದೆ ಕೂರುತ್ತಾನೆ, ಆದರೆ ಪ್ರೋಗ್ರಾಂ ಬರೆಯುವುದಿಲ್ಲವಂತೆ. ಹಾಗಾದರೆ ಏನು ಮಾಡುತ್ತೀಯೋ ಅಂತ ಕೇಳಿದೆ.

'ಮಾವ, ಕ್ಲೈಂಟ್ ಬಂದು ಒಂದು ಲಾಗಿನ್ ಪೇಜ್ ಮಾಡಿಕೊಡಿ ಅಂತಾರೆ. ಅರ್ಧ ಆದಮೇಲೆ ಅದರಲ್ಲೇ ಒಂದು ಅಂಗಡಿ ಇಡಿ ಅಂತಾರೆ. ಅಂಗಡಿ ಇಟ್ಟಮೇಲೆ ಸಾಲ ಕೊಡೋ ವ್ಯವಸ್ಥೆ ಬೇಕು ಅಂತಾರೆ. ದುಡ್ಡು ಹಳೇದೇ, ತಾರೀಕೂ ಹಳೇದೇ. ಇದನ್ನ ಸ್ಕೋಪ್ ಕ್ರೀಪ್ ಅಂತಾರೆ. ಅದಾಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ.'

ಇಷ್ಟಕ್ಕೆ ಅಷ್ಟು ಸಂಬಳವಾ? ನಮ್ಮಜ್ಜಿ ಇದನ್ನು ಪುಕ್ಕಟೆ ಹೇಳುತ್ತಿದ್ದಳು: ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಂತೆ.

ಅವನು ಇನ್ನೊಂದು ಮಾತು ಹೇಳಿದ. ಯೋಜನೆಯ ಕಾಗದದಲ್ಲಿ ಏನೇನು ಮಾಡುತ್ತೇವೆ ಅನ್ನುವ ಪುಟಕ್ಕಿಂತ ಏನೇನು ಮಾಡುವುದಿಲ್ಲ ಅನ್ನುವ ಪುಟ ಮುಖ್ಯವಂತೆ. ಅದಕ್ಕೆ 'ಔಟ್ ಆಫ್ ಸ್ಕೋಪ್' ಅಂತ ಹೆಸರು. ಅದಕ್ಕೆ ಎರಡೂ ಕಡೆಯವರು ಸಹಿ ಹಾಕಬೇಕು.

ಸರಿಯಾಗಿ ಅದೇ ಹೊತ್ತಿಗೆ ಟಿವಿಯಲ್ಲಿ ಎತ್ತಿನಹೊಳೆ ಮೊದಲ ಹಂತದ ಉದ್ಘಾಟನೆ ಶುರುವಾಯಿತು. ಮುಖ್ಯಮಂತ್ರಿಗಳು, ಉಪಮುಖ್ಯಮಂತ್ರಿಗಳು, ಪೂಜೆ, ಮೋಟಾರು, ನೊರೆನೊರೆಯಾಗಿ ಚಿಮ್ಮುವ ನೀರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಟಿವಿ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು.

ಎತ್ತಿನಹೊಳೆ ಅಂದರೆ ಸಕಲೇಶಪುರದ ಕಾಡಿನಲ್ಲಿ ಹುಟ್ಟಿ, ಕೊನೆಗೆ ನೇತ್ರಾವತಿ ಸೇರುವ ಒಂದು ಹಳ್ಳ. ಅದಕ್ಕೂ ಅಕ್ಕಪಕ್ಕದ ಹಳ್ಳಗಳಿಗೂ ಎಂಟು ಕಡೆ ಒಡ್ಡು ಕಟ್ಟುವುದು, ಮಳೆಗಾಲದ ನೀರನ್ನು ಮೇಲೆತ್ತುವುದು, ಸಮುದ್ರಕ್ಕೆ ಹೊರಟದ್ದನ್ನು ಪೂರ್ವಕ್ಕೆ ತಿರುಗಿಸುವುದು, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಕುಡಿಯಲು ಕೊಡುವುದು. ಭಾಷಣದಲ್ಲಿ ಕೇಳಿದರೆ ಯೋಜನೆ ಇಷ್ಟೇ. ಇದು ಗಣಪತಿ.

ಆದರೆ ಕಾಲುವೆ 250 ಕಿಲೋಮೀಟರಿಗೂ ಉದ್ದ. ದಾರಿಯಲ್ಲಿ ಊರುಗಳಿವೆ. ಊರುಗಳಿಗೆ ಶಾಸಕರಿದ್ದಾರೆ. ಶಾಸಕರಿಗೆ ಬಾಯಾರಿಕೆ ಇದೆ. ಮನೆ ಮುಂದೆ ಹೋಗುವ ನೀರನ್ನು ಸುಮ್ನೆ ನೋಡುತ್ತಾ ಕೂರಲು ಅವರೇನು ಋಷಿಗಳಾ? ಕಾಗದದಲ್ಲಿ ಈಗ ಹಾಸನವಿದೆ, ಚಿಕ್ಕಮಗಳೂರಿದೆ, ತುಮಕೂರಿದೆ, ಬೆಂಗಳೂರು ಗ್ರಾಮಾಂತರವಿದೆ, ರಾಮನಗರವೂ ಇದೆ. ಒಟ್ಟು 7 ಜಿಲ್ಲೆ, 29 ತಾಲೂಕು, 6,657 ಹಳ್ಳಿ, 38 ಪಟ್ಟಣ. ಜೊತೆಗೆ 527 ಕೆರೆ. ಇದು ಅವರಪ್ಪ.

ಖರ್ಚು? 2012ರಲ್ಲಿ ಒಪ್ಪಿಗೆ ಸಿಕ್ಕಾಗ 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತ ಗಾದೆ. ಈ ಎತ್ತು ಏರಿಕೆಗೇ ಎಳೆಯಿತು, ನೀರಿಗೆಳೆಯೋಣವೆಂದರೆ ಕೋಣವೇ ಇಲ್ಲ. ಎಲ್ಲವನ್ನೂ ಊರುಗಳ ಆಸೆಯ ತಲೆಗೆ ಕಟ್ಟುವುದು ತಪ್ಪು, ಒಪ್ಪುತ್ತೇನೆ. ಸಿಮೆಂಟು, ಕಬ್ಬಿಣದ ದರ ಏರಿತು, ಭೂಮಿ ದುಬಾರಿಯಾಯಿತು, ವಿನ್ಯಾಸ ಬದಲಾಯಿತು. ತಡವಾಗಿದ್ದಕ್ಕೆ ದರ ಏರಿತು, ದರ ಏರಿದ್ದಕ್ಕೆ ಇನ್ನಷ್ಟು ತಡವಾಯಿತು. ಒಪ್ಪಿಗೆ ಕೊಟ್ಟವರು ಒಂದು ಪಕ್ಷ, ಅಡಿಗಲ್ಲು ಹಾಕಿದವರು ಇನ್ನೊಂದು ಪಕ್ಷ, 23 ಸಾವಿರ ದಾಟಿಸಿದವರು ಮತ್ತೆ ಮೊದಲನೆಯವರು, ಗುಂಡಿ ಒತ್ತಿದವರು ಮತ್ತೆ ಎರಡನೆಯವರು. ವಿಧಾನಸೌಧದಲ್ಲಿ ಇಷ್ಟು ಒಗ್ಗಟ್ಟು ಶಾಸಕರ ಸಂಬಳ ಏರಿಸುವ ದಿನ ಬಿಟ್ಟರೆ ನಾನು ಕಂಡಿಲ್ಲ.

ಇಷ್ಟೆಲ್ಲ ಏರುವಾಗ ಒಂದು ಅಂಕಿ ಮಾತ್ರ ಬಂಡೆಯ ಹಾಗೆ ನಿಂತಿತ್ತು. ನೀರು. ಅಂದೂ 24.01 ಟಿಎಂಸಿ, ಇಂದೂ 24.01 ಟಿಎಂಸಿ. ಆ .01 ಕಂಡರೆ ನನಗೆ ಎಲ್ಲಿಲ್ಲದ ಗೌರವ. ಕಾಡಿನ ಹಳ್ಳದ ನೀರನ್ನು ಇಷ್ಟು ಕರಾರುವಾಕ್ಕಾಗಿ ಅಳೆಯಲು ನಮ್ಮೂರ ಹಾಲಿನ ಡೈರಿಯವರಿಗೂ ಆಗದು. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡದವರು ಲೆಕ್ಕ ಹಾಕಿ, ಅಲ್ಲಿ ಸಿಗುವುದೇ 9.55 ಟಿಎಂಸಿ ಅಂದರು. ಎಂಥ ಸಣ್ಣ ಮನಸ್ಸು! 24.01 ಇದ್ದರೂ ಏಳು ಮನೆಗೆ ಒಂದೇ ಮೊರದ ಬಾಗಿನ. 9.55 ಆದರೆ ಮೊರ ಮಾತ್ರ.

ಸ್ಕೋಪ್ ಅನ್ನುವುದು ಬರೀ ಹಿಗ್ಗುತ್ತದೆ ಅಂತ ನನ್ನ ಸೋದರಳಿಯ ತಿಳಿದಿದ್ದಾನೆ. ಅದು ಕುಗ್ಗುತ್ತದೆ ಕೂಡ. ಎಲ್ಲಿ ಕುಗ್ಗಬೇಕು ಅಂತ ಗೊತ್ತಿರಬೇಕಷ್ಟೆ. ಕುಡಿಯುವ ನೀರಿನ ಯೋಜನೆಗೆ ಪರಿಸರ ಅನುಮತಿ ಬೇಕಿಲ್ಲ. ಆದ್ದರಿಂದ ದೆಹಲಿಗೆ ಹೋದಾಗ ಇದು ಶುದ್ಧ ಕುಡಿಯುವ ನೀರಿನ ಯೋಜನೆ. ಹಸಿರು ನ್ಯಾಯಾಧಿಕರಣವೂ ಹಾಗೆಂದೇ ಒಪ್ಪಿಕೊಂಡಿತು. ಅದೇ ಕಾಗದದಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದ ಹತ್ತಿರಹತ್ತಿರ 10 ಟಿಎಂಸಿ ಕೆರೆ ತುಂಬಿಸಲು ಅಂತಿದೆ. ಐದರಲ್ಲಿ ಎರಡು ಪಾಲು ಕುಡಿಯುವವಳು ಭೂಮಿತಾಯಿ. ಅವಳು ಕುಡಿಯುವುದೂ ಕುಡಿಯುವುದೇ ಅಲ್ವಾ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆ ಯಾವ ಎತ್ತನ್ನು ನೋಡಿ ಹುಟ್ಟಿತೋ.

ಇನ್ನು ಜಲಾಶಯದ ಕಥೆ. ಮಳೆಗಾಲದಲ್ಲಿ ಎತ್ತಿದ ನೀರನ್ನು ಬೇಸಿಗೆಗೆ ಕೂಡಿಡಲು ಭೈರಗೊಂಡ್ಲು ಬಳಿ ಜಾಗ ಗುರುತಿಸಿದರು. ಮುಳುಗುವ ಜಮೀನು ಕೊರಟಗೆರೆಯಲ್ಲೂ ಇತ್ತು, ದೊಡ್ಡಬಳ್ಳಾಪುರದಲ್ಲೂ ಇತ್ತು. ಮುಳುಗಿಸುವ ನೀರು ಒಂದೇ. ಪರಿಹಾರದ ದರ ಮಾತ್ರ ತಾಲೂಕಿಗೊಂದು. ರೈತರು ಬೇಡವೆಂದರು. ವರ್ಷಗಳು ಹೋದವು. ಕಾಲುವೆಗಿಂತ ಮೊದಲು ಕಡತಗಳೇ ಹರಿದವು.

ಹೀಗಾಗಿ ಆ ಗೌರಿ ಹಬ್ಬದ ದಿನ ನೀರೆತ್ತಿದ್ದು ನಿಜ, ಆದರೆ ಅದು ಹೋಗಬೇಕಾದ ಕಾಲುವೆ ಮುಂದೆ ಮುಗಿದಿರಲಿಲ್ಲ. ಎತ್ತಿದ ನೀರನ್ನು ಏನು ಮಾಡುವುದು? ಸದ್ಯಕ್ಕೆ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಆ ಏಳು ಜಿಲ್ಲೆಯ ಪಟ್ಟಿಯಲ್ಲಿ ಚಿತ್ರದುರ್ಗವಿಲ್ಲ. ಹಿರಿಯೂರಿನವರಿಗೆ ಸಿಕ್ಕಿದ್ದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಅವರದ್ದೂ ಬರದ ನಾಡೇ. ಕೇಳದವರ ಮನೆಗೆ ಮೊದಲು ಪಾರ್ಸೆಲ್ ತಲುಪಿತು, ಅಷ್ಟೇ.

ಅಜ್ಜಿಯ ಗಾದೆಯಲ್ಲಿ ಒಂದು ಅನುಕೂಲವಾದರೂ ಇತ್ತು. ಗಣಪತಿ ಕೆಟ್ಟು ಅವರಪ್ಪ ಆದರೆ ಅಪ್ಪನ ತಲೆ ಮೇಲೆ ಗಂಗೆ ಇರುತ್ತಾಳೆ. ನಮ್ಮವರು ಅಪ್ಪನನ್ನೂ ಮಾಡಿದರು, ಅಮ್ಮನ ಹಬ್ಬದ ದಿನ ಉದ್ಘಾಟನೆಯನ್ನೂ ಮಾಡಿದರು. ಗಂಗೆ ಮಾತ್ರ ಪಕ್ಕದ ಜಡೆಯಿಂದ ಇಳಿದು ಬೇರೆ ಊರಿನ ಬಸ್ಸು ಹತ್ತಿದಳು.

ಹಾಗಂತ ಕೋಲಾರಕ್ಕೆ ಹೊರಗಿನ ನೀರು ಬಂದೇ ಇಲ್ಲ ಅನ್ನುವಂತಿಲ್ಲ. 2018ರಲ್ಲಿ ಬಂತು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ತಂದು ಕೆರೆಗೆ ಬಿಟ್ಟರು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜನ ಕೋರ್ಟಿಗೂ ಹೋದರು. ಅದೇನೇ ಇರಲಿ, ಹೊರಟ ನೀರು ಹೇಳಿದ ಊರಿಗೆ ಬಂತು. ಯಾಕೆ ಗೊತ್ತಾ? ಬಚ್ಚಲು ನೀರಲ್ಲಿ ನಮಗೂ ಪಾಲು ಕೊಡಿ ಅಂತ ದಾರಿಯಲ್ಲಿ ಯಾರೂ ಅಡ್ಡ ಬರಲಿಲ್ಲ. ಯೋಜನೆಯ ವ್ಯಾಪ್ತಿಗೆ ಇದಕ್ಕಿಂತ ಗಟ್ಟಿ ಬೇಲಿ ಯಾವ ಮ್ಯಾನೇಜರ್ ಹಾಕಿಯಾನು? ಆಮೇಲೆ ಕೆರೆ ತುಂಬಿದವು, ಬೋರ್‌ವೆಲ್ಲುಗಳಲ್ಲಿ ನೀರು ಮೇಲೆ ಬಂತು. ಈಗ ಆ ಯೋಜನೆಗೂ ಎರಡನೇ ಹಂತ ಬಂದಿದೆ. ಕೊಳಚೆಗೂ ಪಾಲುದಾರರು ಹುಟ್ಟಿದ್ದಾರೆ.

ಟಿವಿಯಲ್ಲಿ ಭಾಷಣ ಮುಗಿಯಿತು. ಹೊರಗೆ ಟ್ಯಾಂಕರಿನವನು ಸಂಪ್ ತುಂಬಿಸಿ ದುಡ್ಡಿಗೆ ಕಾಯುತ್ತಿದ್ದ. ಹಬ್ಬದ ದಿನ ನೂರು ರೂಪಾಯಿ ಜಾಸ್ತಿ. ದೊಡ್ಡಪ್ಪ ಟಿವಿ ಆರಿಸಿ, ಕನ್ನಡಕ ತೆಗೆದು, ನನ್ನ ಅಕ್ಕನ ಮಗನ ಕಡೆ ತಿರುಗಿದರು.

'ಅಪ್ಪಾ, ಆಗ ಒಂದು ಪುಟದ ವಿಷಯ ಹೇಳ್ತಿದ್ದೆಯಲ್ಲ. ಏನೇನು ಮಾಡೋದಿಲ್ಲ ಅಂತ ಬರೆದಿರೋ ಪುಟ.'

'ಹೌದು ತಾತ. ಔಟ್ ಆಫ್ ಸ್ಕೋಪ್.'

'ಎತ್ತಿನಹೊಳೇದು ಆ ಪುಟ ನಿನ್ನ ಮೊಬೈಲಲ್ಲಿ ಸಿಗುತ್ತಾ ನೋಡು. ಅದರಲ್ಲಿ ನಮ್ಮ ಕೋಲಾರದ ಹೆಸರು ಇರಬೇಕು.'