ಬಂಗಾಳಕ್ಕೊಬ್ಬ ಹೆಳವ ಬೇಕು

ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವರು ಬರುತ್ತಿದ್ದರು. ಮನೆ ಮುಂದೆ ನಿಂತು ನಮ್ಮ ತಾತ ಮುತ್ತಾತಂದಿರ ಹೆಸರನ್ನೆಲ್ಲ ಒದರಿ, ರಾಗಿ ಅಳೆಸಿಕೊಂಡು ಹೋಗುತ್ತಿದ್ದರು. ಈಗ ಇಲ್ಲಿ ಅವರನ್ನು ಕೇಳುವವರಿಲ್ಲ. ಪಶ್ಚಿಮ ಬಂಗಾಳಕ್ಕೆ ಹೋದರೆ ಕೈತುಂಬ ಕೆಲಸ. ಅಲ್ಲಿಯ ರಾಜಕೀಯ ತಿಳಿಯಬೇಕಾದರೆ ಪ್ರಣಾಳಿಕೆ ಓದಿ ಪ್ರಯೋಜನವಿಲ್ಲ, ವಂಶಾವಳಿಯನ್ನೇ ಓದಬೇಕು.

ಮೊದಲ ಪಾಠ: ಪಿಶಿ, ಭಾಯ್ಪೊ. ಅಂದರೆ ಬಂಗಾಳಿಯಲ್ಲಿ ಸೋದರತ್ತೆ ಮತ್ತು ಸೋದರಳಿಯ. ತೃಣಮೂಲ ಕಾಂಗ್ರೆಸ್ಸಿನ ನಾಯಕಿ ಮಮತಾ ಬ್ಯಾನರ್ಜಿ ಊರಿಗೆಲ್ಲ ದೀದಿ, ಅಭಿಷೇಕ್ ಬ್ಯಾನರ್ಜಿಗೆ ಮಾತ್ರ ಪಿಶಿ. ನಮ್ಮ ಕಡೆ ಸೋದರತ್ತೆ ಅಳಿಯನಿಗೆ ಮಗಳನ್ನು ಕೊಟ್ಟರೆ ಅದೇ ದೊಡ್ಡದು. ಈ ಸೋದರತ್ತೆ ಡೈಮಂಡ್ ಹಾರ್ಬರ್ ಎಂಬ ಲೋಕಸಭಾ ಕ್ಷೇತ್ರವನ್ನೇ ಕೊಟ್ಟರು. 2024ರಲ್ಲಿ ಅಲ್ಲಿ ಗೆಲುವಿನ ಅಂತರ 7 ಲಕ್ಷ ದಾಟಿತು. ಇಂಥ ಬಳುವಳಿ ಯಾವ ಅಳಿಯನಿಗೆ ಸಿಕ್ಕೀತು!

ಪಿಶಿ-ಭಾಯ್ಪೊ ಎಂದು ಆಡಿಕೊಂಡು ಬಿಜೆಪಿ ಗಂಟಲು ಹರಿದುಕೊಂಡಿತು. ಆ ವಂಶಾಡಳಿತವನ್ನು ಕಿತ್ತೊಗೆಯಲು 2020ರ ಡಿಸೆಂಬರಿನಲ್ಲಿ ಅದು ಕರೆತಂದದ್ದು ತೃಣಮೂಲದಲ್ಲೇ ಇದ್ದ ಸುವೇಂದು ಅಧಿಕಾರಿಯವರನ್ನು. ಕಾಂಥಿಯ ಅವರ ಮನೆಯಲ್ಲಿ ಆಗ ಅಪ್ಪ ಶಿಶಿರ್ ಸಂಸದ, ತಮ್ಮ ದಿಬ್ಯೇಂದು ಸಂಸದ, ಇನ್ನೊಬ್ಬ ತಮ್ಮ ಸೌಮೇಂದುವಿನ ಕೈಯಲ್ಲಿ ಊರಿನ ಪುರಸಭೆ. ಊಟಕ್ಕೆ ಕೂತರೆ ಕೋರಂ ಭರ್ತಿ. ಅಪ್ಪ 2021ರ ಮಾರ್ಚಿನಲ್ಲಿ ಅಮಿತ್ ಶಾ ವೇದಿಕೆ ಹತ್ತಿದರು, ಲೋಕಸಭೆಯ ಲೆಕ್ಕದಲ್ಲಿ ಮಾತ್ರ ತೃಣಮೂಲದವರಾಗಿಯೇ ಉಳಿದರು. 2024ರಲ್ಲಿ ಅಪ್ಪ ಬಿಟ್ಟ ಸೀಟು ಸೌಮೇಂದುವಿಗೆ ಬಂತು, ಕಮಲದ ಗುರುತಿನಲ್ಲಿ. ಮನೆತನದ ಹೆಸರೇ ಅಧಿಕಾರಿ, ಪಾಪ, ಅವರಾದರೂ ಏನು ಮಾಡಿಯಾರು?

ಕಮ್ಯುನಿಸ್ಟರಿಗೆ ಈ ಕಾಯಿಲೆ ಕಡಿಮೆ, ಒಪ್ಪೋಣ. ಆದರೂ ಲೋಕಸಭೆಯ ಸ್ಪೀಕರ್ ಆಗಿದ್ದ ಸೋಮನಾಥ ಚಟರ್ಜಿ ನೆನಪಾಗುತ್ತಾರೆ. ಅಪ್ಪ ಎನ್.ಸಿ. ಚಟರ್ಜಿ ಹಿಂದೂ ಮಹಾಸಭೆಯ ಅಧ್ಯಕ್ಷರಾಗಿದ್ದವರು. ಅವರು ತೀರಿಕೊಂಡಾಗ, 1971ರಲ್ಲಿ, ಮಗ ಸಿಪಿಎಂ ಬೆಂಬಲದಿಂದ ಬರ್ಧಮಾನ್‌ನಲ್ಲಿ ಗೆದ್ದರು. ಸಿದ್ಧಾಂತ ಪೂರ್ವ-ಪಶ್ಚಿಮ, ಕ್ಷೇತ್ರ ಅದೇ.

ಮಾಲ್ದಾದಲ್ಲಿ ಆಸ್ತಿ ಪಾಲಾದ ಕತೆ ಇನ್ನೂ ಸೊಗಸು. ರೈಲ್ವೆ ಮಂತ್ರಿಯಾಗಿದ್ದ ಘನಿ ಖಾನ್ ಚೌಧುರಿ 2006ರಲ್ಲಿ ಕಣ್ಣುಮುಚ್ಚಿದರು. 2019ರಲ್ಲಿ ಮಾಲ್ದಾ ಉತ್ತರದಲ್ಲಿ ಅವರ ತಂಗಿಯ ಮಗಳು ಮೌಸಮ್ ನೂರ್ ತೃಣಮೂಲದಿಂದ, ತಮ್ಮನ ಮಗ ಇಶಾ ಖಾನ್ ಕಾಂಗ್ರೆಸ್ಸಿನಿಂದ ನಿಂತರು. ಗೆದ್ದದ್ದು ಆ ಮನೆಗೆ ಬಾದರಾಯಣ ಸಂಬಂಧವೂ ಇಲ್ಲದ ಬಿಜೆಪಿಯ ಖಗೇನ್ ಮುರ್ಮು.

ಹೆಳವಪ್ಪನ ತಲೆ ಕೆಡುವುದು ಬಾಂಕುಡಾ ಜಿಲ್ಲೆಯ ಬಿಷ್ಣುಪುರ ಕ್ಷೇತ್ರದಲ್ಲಿ. 2019ರಲ್ಲಿ ಬಿಜೆಪಿ ಅಭ್ಯರ್ಥಿ ಸೌಮಿತ್ರ ಖಾನ್ ಆ ಜಿಲ್ಲೆಗೆ ಕಾಲಿಡದಂತೆ ಕೋರ್ಟು ತಡೆದಿತ್ತು. ಹೆಂಡತಿ ಸುಜಾತಾ ಊರೂರು ಅಲೆದು ಗಂಡನಿಗೆ ಮತ ಕೇಳಿದರು, ಗಂಡ ಗೆದ್ದರು. 2020ರ ಡಿಸೆಂಬರಿನಲ್ಲಿ ಆಕೆ ತೃಣಮೂಲ ಸೇರಿದ ದಿನವೇ ಗಂಡ ಕ್ಯಾಮೆರಾಗಳ ಮುಂದೆ ಕೂತು ವಿಚ್ಛೇದನ ಘೋಷಿಸಿದರು. ಶಾಸಕರು ಪಕ್ಷ ಬದಲಿಸಿದರೆ ಸ್ಪೀಕರ್ ತೀರ್ಪಿಗೆ ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಸಂಜೆಯೊಳಗೆ ಅನರ್ಹತೆ. 2024ರಲ್ಲಿ ಇಬ್ಬರೂ ಎದುರುಬದುರು ನಿಂತರು, ಮಾಜಿ ಗಂಡ 5,567 ಮತಗಳಿಂದ ಗೆದ್ದರು.

ಹೆಳವಪ್ಪಾ, ಹೊರಡುವಾಗ ವಂಶಾವಳಿ ಕೆತ್ತುವ ತಾಮ್ರಪಟ ಇಲ್ಲೇ ಇಟ್ಟು ಹೋಗು. ಸ್ಲೇಟು, ಬಳಪ, ಒಂದು ಒದ್ದೆ ಬಟ್ಟೆ ಸಾಕು.